ಸೋರಿಕೆ ಹುಡುಕಿಸದೆ ಎಸಿಗೆ ಗ್ಯಾಸ್ ತುಂಬಿಸಬೇಡಿ

ಮನೆಯ ಎಸಿಯೊಳಗಿನ ಗ್ಯಾಸ್ ಉರಿದು ಖರ್ಚಾಗುವ ವಸ್ತುವಲ್ಲ. ಕಾರ್ಖಾನೆಯಲ್ಲಿ ತುಂಬಿದ ಗ್ಯಾಸ್ ಮುಚ್ಚಿದ ಕೊಳವೆಗಳೊಳಗೆ ಒಮ್ಮೆ ದ್ರವವಾಗಿ, ಒಮ್ಮೆ ಆವಿಯಾಗಿ ಸುತ್ತುತ್ತಲೇ ಇರುತ್ತದೆ. ಕೊಳವೆ, ಜೋಡಣೆ ಗಟ್ಟಿಯಾಗಿದ್ದರೆ ಯಂತ್ರದ ಆಯುಷ್ಯಕ್ಕೆ ಅಷ್ಟೇ ಸಾಕು. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ. ಇದೊಂದು ಮಾತು ಪ್ರತಿ ಮನೆಯವರಿಗೂ ಗೊತ್ತಿರಬೇಕು ಎಂಬುದು ನನ್ನ ಬಹುದಿನದ ಆಸೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಂಗಳೂರಿನಲ್ಲಿ ಎಸಿ ರಿಪೇರಿ ಮಾಡುವವನು. ಕೆಲಸ ಕಲಿತದ್ದು ಐಟಿಐನಲ್ಲಿ, ಪಳಗಿದ್ದು ಸುರತ್ಕಲ್‌ನಿಂದ ಉಳ್ಳಾಲದವರೆಗಿನ ಕಡಲ ಬದಿಯ ಮನೆಗಳಲ್ಲಿ. ಇಲ್ಲಿ ಉಪ್ಪುಗಾಳಿ, ತೇವ ಎರಡೂ ಸೇರಿ ಲೋಹವನ್ನು ತಿನ್ನುತ್ತವೆ. ಹಾಗಾಗಿ ಸೋರಿಕೆ ನನ್ನ ನಿತ್ಯದ ಕೆಲಸ.

ಸುರತ್ಕಲ್‌ನ ಒಬ್ಬ ನಿವೃತ್ತ ಶಿಕ್ಷಕಿಯ ಮನೆಗೆ ಮೊದಲ ಬಾರಿ ಹೋದಾಗ ಅವರು ಒಂದು ಫೈಲ್ ತೆಗೆದು ಮುಂದಿಟ್ಟರು. ಪ್ರತಿ ಬೇಸಿಗೆಯ ಗ್ಯಾಸ್ ಫಿಲ್ಲಿಂಗ್ ಬಿಲ್‌ಗಳು ಅದರಲ್ಲಿ ಸಾಲಾಗಿ ಇದ್ದವು. "ವರ್ಷಕ್ಕೊಮ್ಮೆ ಗ್ಯಾಸ್ ಹಾಕಿಸುವುದು ಕ್ರಮ ಅಲ್ಲವೇ?" ಎಂದು ಕೇಳಿದರು. "ಅಲ್ಲ ಟೀಚರ್, ಒಮ್ಮೆ ಸೋರಿಕೆ ಮುಚ್ಚಿಸಿದ್ದರೆ ಸಾಕಿತ್ತು" ಎಂದೆ. ಔಟ್‌ಡೋರ್ ಯೂನಿಟ್‌ನ ಪಕ್ಕದಲ್ಲಿ ಕೊಳವೆ ಸೇರುವ ಹಿತ್ತಾಳೆಯ ನಟ್ಟಿನ ಸುತ್ತ ಎಣ್ಣೆ ಜಿನುಗಿ, ಅದಕ್ಕೆ ಧೂಳು ಮೆತ್ತಿ ಕಪ್ಪು ಉಂಗುರವಾಗಿತ್ತು. ಗ್ಯಾಸ್ ಜೊತೆ, ಅದನ್ನು ಒತ್ತಿ ತಳ್ಳುವ ಕಂಪ್ರೆಸರ್‌ನ ಎಣ್ಣೆಯೂ ಸ್ವಲ್ಪ ಸುತ್ತುತ್ತಿರುತ್ತದೆ. ಗ್ಯಾಸ್ ಹೊರಬಿದ್ದಲ್ಲಿ ಎಣ್ಣೆಯ ಗುರುತು ಉಳಿಯುತ್ತದೆ. ಬಂದುಹೋದವರೆಲ್ಲ ಆ ನಟ್ಟಿನ ಪಕ್ಕದಲ್ಲೇ ಒತ್ತಡ ಅಳೆಯುವ ಗೇಜ್ ಜೋಡಿಸಿದ್ದರು. ಆ ಉಂಗುರವನ್ನು ಒರೆಸಿ ನೋಡುವ ಮನಸ್ಸು ಯಾರೂ ಮಾಡಿರಲಿಲ್ಲ.

ಫೋನ್ ಮಾಡುವ ಮೊದಲು

ತಂಪು ಕಡಿಮೆಯಾದ ಕೂಡಲೇ ಗ್ಯಾಸ್ ಎಂದುಕೊಳ್ಳಬೇಡಿ. ಮೊದಲು ಫಿಲ್ಟರ್ ತೆಗೆದು ತೊಳೆದು, ಒಣಗಿಸಿ ಹಾಕಿ. ರಿಮೋಟ್ ಕೂಲ್ ಮೋಡ್‌ನಲ್ಲೇ ಇದೆಯೇ ನೋಡಿ. ಡ್ರೈ ಅಥವಾ ಫ್ಯಾನ್ ಮೋಡ್‌ನಲ್ಲಿಟ್ಟು ನನ್ನನ್ನು ಕರೆಸಿದವರು ಎಷ್ಟೋ ಮಂದಿ. ಔಟ್‌ಡೋರ್‌ನ ಮುಂದೆ ಬಟ್ಟೆ ಒಣಹಾಕಿದ್ದರೆ, ಹಿಂದೆ ಎಲೆ, ಕಸ ತುಂಬಿದ್ದರೆ ತೆಗೆಯಿರಿ. ಅದರ ಫ್ಯಾನ್ ತಿರುಗುತ್ತಿದ್ದರೂ ಕಂಪ್ರೆಸರ್ ಗುಂಯ್‌ಗುಡುವ ಸದ್ದು ಇಲ್ಲವಾದರೆ, ಹಳೆಯ ಇನ್ವರ್ಟರ್ ಅಲ್ಲದ ಎಸಿಗಳಲ್ಲಿ ಹೆಚ್ಚಾಗಿ ಕೆಟ್ಟಿರುವುದು ಕಂಪ್ರೆಸರ್ ಶುರುವಾಗಲು ನೆರವಾಗುವ ಕೆಪಾಸಿಟರ್. ಅದು ಕೆಲವು ನೂರು ರೂಪಾಯಿಯ ಭಾಗ. ಅದಕ್ಕೂ ಗ್ಯಾಸಿನ ಬಿಲ್ ಕಟ್ಟಿದವರನ್ನು ಕಂಡು ನನಗೆ ನಿಜಕ್ಕೂ ನೋವಾಗಿದೆ. ಕೆಪಾಸಿಟರನ್ನು ನೀವೇ ಮುಟ್ಟಲು ಹೋಗಬೇಡಿ. ಸ್ವಿಚ್ ಆಫ್ ಮಾಡಿದ ಮೇಲೂ ಅದರಲ್ಲಿ ವಿದ್ಯುತ್ ಉಳಿದಿರುತ್ತದೆ.

ಇಷ್ಟಾದ ಮೇಲೂ ತಂಪು ಬರದಿದ್ದರೆ ಒಂದು ಸಾಧಾರಣ ಥರ್ಮಾಮೀಟರ್ ಹಿಡಿದುಕೊಳ್ಳಿ. ಜ್ವರ ನೋಡುವುದಲ್ಲ, ಕೋಣೆಯ ಉಷ್ಣತೆ ತೋರಿಸುವುದು. ಎಸಿಯನ್ನು 18 ಡಿಗ್ರಿಗೆ ಇಟ್ಟು, ಫ್ಯಾನ್ ಜೋರು ಮಾಡಿ 20 ನಿಮಿಷ ಓಡಿಸಿ. ಇನ್ವರ್ಟರ್ ಎಸಿ ಕೋಣೆ ತಂಪಾದಂತೆ ತಾನೇ ನಿಧಾನವಾಗುವುದರಿಂದ ಪರೀಕ್ಷೆಗೆ 18 ಡಿಗ್ರಿ ಬೇಕು. ಇಂಡೋರ್ ಯೂನಿಟ್ ಮೇಲಿನಿಂದ ಎಳೆದುಕೊಳ್ಳುವ ಗಾಳಿಯ ಉಷ್ಣತೆ, ಕೆಳಗಿನಿಂದ ಬಿಡುವ ಗಾಳಿಯ ಉಷ್ಣತೆ ಎರಡನ್ನೂ ಬರೆದಿಡಿ. 8ರಿಂದ 12 ಡಿಗ್ರಿ ವ್ಯತ್ಯಾಸವಿದ್ದರೆ ಸಾಮಾನ್ಯವಾಗಿ ಯಂತ್ರ ಸರಿ ಇದೆ. ಕರಾವಳಿಯ ಮೇ ತಿಂಗಳ ಸೆಕೆಯಲ್ಲಿ ಗಾಳಿಯ ತೇವವನ್ನು ಹಿಂಡುವುದಕ್ಕೇ ಎಸಿಯ ಶಕ್ತಿಯ ದೊಡ್ಡ ಪಾಲು ಹೋಗುವುದರಿಂದ ಇನ್ನೂ ಸ್ವಲ್ಪ ಕಡಿಮೆ ತೋರಿಸಬಹುದು. ಐದು ಡಿಗ್ರಿಗಿಂತ ಕೆಳಗಿದ್ದರೆ ಏನೋ ಕೆಟ್ಟಿದೆ.

ಆಗ ಔಟ್‌ಡೋರ್ ಬಳಿ ಹೋಗಿ, ಕೈಗೆ ಸುರಕ್ಷಿತವಾಗಿ ಎಟುಕುವಂತಿದ್ದರೆ ಮಾತ್ರ. ಬಾಲ್ಕನಿಯಿಂದ ಬಗ್ಗಿ ನೋಡುವ ಸಾಹಸ ಬೇಡ. ಮೊಬೈಲ್‌ನಲ್ಲಿ ದೂರದಿಂದ ಫೋಟೊ ತೆಗೆದರೂ ಸಾಕು. ಪಕ್ಕದಲ್ಲಿ ಎರಡು ಕೊಳವೆ ಕಾಣುತ್ತವೆ, ಒಂದು ಸಪೂರ, ಇನ್ನೊಂದು ದಪ್ಪ. ಗ್ಯಾಸ್ ಸರಿಯಿದ್ದಾಗ ದಪ್ಪ ಕೊಳವೆ ತಣ್ಣಗಾಗಿ ಬೆವರುತ್ತದೆ. ಸಪೂರ ಕೊಳವೆಯ ನಟ್ಟಿನ ಮೇಲೆ ಬಿಳಿ ಮಂಜು ಕಟ್ಟಿ, ದಪ್ಪ ಕೊಳವೆ ಒಣಗಿ ಬೆಚ್ಚಗಿದ್ದರೆ ಗ್ಯಾಸ್ ಕಡಿಮೆಯಾಗಿದೆ ಎಂಬ ಅನುಮಾನಕ್ಕೆ ಬಲವಾದ ಆಧಾರ ಸಿಕ್ಕಂತೆ. ಇಂಡೋರ್ ಕಾಯಿಲ್ (ಗಾಳಿಯನ್ನು ತಂಪಾಗಿಸುವ ಕೊಳವೆಸುರುಳಿ) ಇಡೀ ಮಂಜುಗಡ್ಡೆಯಾಗಿದ್ದರೆ ಫಿಲ್ಟರ್ ಕಟ್ಟಿಕೊಂಡು ಗಾಳಿ ಆಡದಿರುವುದೂ ಕಾರಣವಿರಬಹುದು. ಎಸಿ ಆಫ್ ಮಾಡಿ, ಮಂಜು ತಾನಾಗಿ ಕರಗಲಿ. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆರೆಯಬೇಡಿ. ಕೊಳವೆಯ ಗೋಡೆ ತೀರಾ ತೆಳು. ಒಂದು ಗೀರು ಬಿದ್ದರೆ ಇಲ್ಲದ ಸೋರಿಕೆ ಅಲ್ಲೇ ಹುಟ್ಟುತ್ತದೆ.

ಇಂಡೋರ್‌ನಲ್ಲಿ ದೀಪ ಮಿನುಗುತ್ತಿದ್ದರೆ ಅಥವಾ ಎರರ್ ಕೋಡ್ ಬಂದಿದ್ದರೆ ಅದರ ಫೋಟೊ ಇರಲಿ. ಸ್ವಿಚ್ ಆಫ್ ಮಾಡಿ ಮತ್ತೆ ಹಾಕಿದರೆ ಕೆಲವು ಎಸಿಗಳಲ್ಲಿ ಕೋಡ್ ಅಳಿಸಿಹೋಗುತ್ತದೆ.

ಸೋರುವ ಜಾಗಗಳು

ನಾನು ಮೊದಲು ನೋಡುವುದು ಫ್ಲೇರ್ ನಟ್ಟುಗಳನ್ನು. ಸ್ಪ್ಲಿಟ್ ಎಸಿಯಲ್ಲಿ ಇಂಡೋರ್ ಬಳಿ ಎರಡು, ಔಟ್‌ಡೋರ್ ಬಳಿ ಎರಡು ಇರುತ್ತವೆ. ತಾಮ್ರದ ಕೊಳವೆಯ ಬಾಯನ್ನು ಹೊರಕ್ಕೆ ಅರಳಿಸಿ, ಹಿತ್ತಾಳೆಯ ನಟ್ಟಿನಿಂದ ಬಿಗಿಯುವ ಜೋಡಣೆ ಇದು. ಎಸಿ ಕೂರಿಸುವ ದಿನದ ಅವಸರವೆಲ್ಲ ಇಲ್ಲಿ ಬಯಲಾಗುತ್ತದೆ. ಸರಿಯಾದ ಕ್ರಮ ಹೀಗೆ: ಕೊಳವೆಯನ್ನು ಗರಗಸದಿಂದಲ್ಲ, ಪೈಪ್ ಕಟರ್‌ನಿಂದ ಕತ್ತರಿಸಬೇಕು. ಒಳ ಅಂಚಿನ ಚೂಪನ್ನು ರೀಮರ್‌ನಿಂದ ಕೆರೆದು ತೆಗೆಯಬೇಕು. ಆಗ ಕೊಳವೆಯ ಬಾಯಿ ಕೆಳಮುಖವಾಗಿರಬೇಕು, ಇಲ್ಲವಾದರೆ ತಾಮ್ರದ ಪುಡಿ ಒಳಗೆ ಬಿದ್ದು ಕಂಪ್ರೆಸರ್‌ವರೆಗೂ ಹೋಗುತ್ತದೆ. ಅರಳಿಸಿದ ಮುಖ ನಯವಾಗಿ, ಸುತ್ತಲೂ ಒಂದೇ ಅಗಲವಾಗಿ ಹೊಳೆಯಬೇಕು. ಕೂದಲೆಳೆಯಷ್ಟು ಸೀಳಿದ್ದರೂ ಕತ್ತರಿಸಿ ಮತ್ತೆ ಮಾಡಬೇಕು. ಮುಖಕ್ಕೆ ಒಂದು ಹನಿ ಎಣ್ಣೆ ಸವರಿ, ಕೈಯಿಂದಲೇ ಮೊದಲ ಸುತ್ತುಗಳನ್ನು ತಿರುಗಿಸಿ, ಬಳಿಕ ಎರಡು ಸ್ಪಾನರ್ ಹಿಡಿಯಬೇಕು, ಒಂದು ಅಲುಗಾಡದಂತೆ ಹಿಡಿಯಲು, ಇನ್ನೊಂದು ಬಿಗಿಯಲು. ಕಾಲಿಂಚಿನ ಕೊಳವೆಗೆ ಸುಮಾರು 15 ನ್ಯೂಟನ್ ಮೀಟರ್ ಬಿಗಿತ, ಅರ್ಧ ಇಂಚಿನದಕ್ಕೆ ಸುಮಾರು 55 ಸಾಕು. ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಇಲ್ಲದೆ ಬಲವಿದ್ದಷ್ಟೂ ಬಿಗಿದರೆ ಫ್ಲೇರ್ ತೆಳುವಾಗಿ ಸೀಳುತ್ತದೆ. ಟೀಚರ್ ಮನೆಯ ನಟ್ಟಿನೊಳಗೆ ಇದ್ದದ್ದು ಇಂಥದೇ ಸೀಳು. ನಟ್ಟು ಬಿಚ್ಚಿ ಬೆಳಕಿಗೆ ಹಿಡಿದಾಗ, ಅರಳಿದ ಅಂಚಿನಿಂದ ಒಳಕ್ಕೆ ಓಡಿದ ಗೆರೆ ಕಣ್ಣಿಗೇ ಕಂಡಿತು.

ಗೇಜ್ ಜೋಡಿಸುವ ಸರ್ವಿಸ್ ಪೋರ್ಟ್‌ನೊಳಗಿನ ಪುಟ್ಟ ಪಿನ್ ಇನ್ನೊಂದು ಜಾಗ. ಪದೇ ಪದೇ ಗೇಜ್ ಹಾಕಿ ತೆಗೆದಷ್ಟೂ ಅದರ ರಬ್ಬರ್ ಸವೆಯುತ್ತದೆ. ಮೇಲಿನ ಹಿತ್ತಾಳೆ ಮುಚ್ಚಳ ಕಳೆದುಹೋಗಿದ್ದರೆ ಹೊಸದು ಹಾಕಿಸಿ, ಅದೂ ಗ್ಯಾಸ್ ತಡೆಯುವ ಭಾಗವೇ. ಔಟ್‌ಡೋರ್‌ನೊಳಗೆ ಕೊಳವೆಗೆ ಕೊಳವೆ ತಾಗಿ ನಡುಗಿ ಸವೆದು ತೂತಾಗುವುದೂ ಉಂಟು.

ಕಷ್ಟದ್ದು ಕೂಲಿಂಗ್ ಕಾಯಿಲ್‌ನ ಸೂಜಿತೂತು. ಹೊಸದಾಗಿ ಇಂಟೀರಿಯರ್ ಮಾಡಿಸಿದ ಮನೆಗಳಲ್ಲಿ ಎರಡು ಮೂರು ವರ್ಷಕ್ಕೇ ಕಾಯಿಲ್ ಸೋರಿದ್ದನ್ನು ನೋಡಿದ್ದೇನೆ. ಪ್ಲೈವುಡ್, ಅಂಟು, ಕೆಲವು ಕ್ಲೀನಿಂಗ್ ದ್ರಾವಣ, ವಿನೆಗರ್ ಇವುಗಳಿಂದ ಹೊರಡುವ ಫಾರ್ಮಿಕ್, ಅಸಿಟಿಕ್ ಆಮ್ಲದ ಆವಿ ಕಾಯಿಲ್ ಮೇಲಿನ ನೀರಿನಲ್ಲಿ ಕರಗಿ ತಾಮ್ರವನ್ನು ಕೊರೆಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಲೋಹದೊಳಗೆ ಕವಲೊಡೆದ ಸುರಂಗಗಳು ಇರುವೆಗೂಡಿನಂತೆ ಕಾಣುತ್ತವೆ. ಹೊರಗಿನಿಂದ ಬರೀ ಒಂದು ಕಪ್ಪು ಚುಕ್ಕೆ. ಹಾಗಾಗಿ ಮರಗೆಲಸ, ಪಾಲಿಶ್ ನಡೆಯುವಾಗ ಎಸಿ ಹಾಕಬೇಡಿ. ಕೆಲಸ ಮುಗಿದ ಮೇಲೂ ಕೆಲವು ವಾರ ಕಿಟಕಿ ತೆರೆದು ವಾಸನೆ ಹೋಗಲು ಬಿಡಿ. ಕಾಯಿಲ್ ತೊಳೆಯುವಾಗ ಆಸಿಡ್ ಬೆರೆಸಿದ ನೀರು ಬಳಸುವವರನ್ನು ಅಲ್ಲೇ ತಡೆಯಿರಿ.

ಕಡಲ ಬದಿಯಲ್ಲಿರುವವರು ಔಟ್‌ಡೋರ್ ಕಾಯಿಲ್ ಮೇಲಿನ ಉಪ್ಪನ್ನು ತೊಳೆಸುತ್ತಿರಬೇಕು. ಮೆಯಿನ್ ಸ್ವಿಚ್ ಆಫ್ ಮಾಡಿ, ಮೆಲ್ಲನೆ ಬೀಳುವ ಸಿಹಿನೀರಿನಲ್ಲಿ. ಮಳೆಗಾಲಕ್ಕೆ ಮುಂಚೆ ಒಮ್ಮೆ, ದಸರಾ ಹೊತ್ತಿಗೆ ಒಮ್ಮೆ ಮಾಡಿಸಿ. ಮೇಲಿರುವ ಉಪ್ಪನ್ನು ನೀರು ಕಳೆದರೆ ಸಾಕು. ಜೋರು ಪಂಪ್ ಹೊಡೆದರೆ ತೆಳು ರೆಕ್ಕೆಗಳು ಮಡಚಿ ಗಾಳಿ ನಿಲ್ಲುತ್ತದೆ.

ಕೆಲಸ ಹೇಗೆ ನಡೆಯಬೇಕು

ಬರುವವರು ಏನು ತರುತ್ತಾರೆ ಎಂದು ಫೋನಿನಲ್ಲೇ ಕೇಳಿ. ನೈಟ್ರೋಜನ್ ಸಿಲಿಂಡರ್ ಮತ್ತು ಅದರ ರೆಗ್ಯುಲೇಟರ್, ವ್ಯಾಕ್ಯೂಮ್ ಪಂಪ್, ತೂಕದ ಯಂತ್ರ, ಗೇಜ್ ಇರಬೇಕು. ಸಣ್ಣ ಗ್ಯಾಸ್ ಡಬ್ಬಿ ಮತ್ತು ಒಂದು ಗೇಜ್ ಮಾತ್ರ ಹಿಡಿದು ಬಂದರೆ ಆ ದಿನ ಕೆಲಸ ಬೇಡವೆಂದು ವಿನಯದಿಂದಲೇ ಹೇಳಿ ಕಳುಹಿಸಿ. ಇಷ್ಟು ಸಾಮಾನು ತರುವುದು ಕಷ್ಟ ಎಂದು ನನ್ನ ವೃತ್ತಿಯ ಗೆಳೆಯರು ಹೇಳುತ್ತಾರೆ. ಮೂರನೆಯ ಮಹಡಿಗೆ ನೈಟ್ರೋಜನ್ ಸಿಲಿಂಡರ್ ಹೊತ್ತು ಹತ್ತುವುದು ನನಗೂ ಗೊತ್ತು. ಆದರೂ ಅದಿಲ್ಲದೆ ಈ ಕೆಲಸವಿಲ್ಲ.

ಎಸಿ ನಿಂತಿರುವಾಗ ಗೇಜ್ ಹಾಕಿ "ಗ್ಯಾಸ್ ಅರ್ಧ ಇದೆ" ಎನ್ನುವವರನ್ನು ನಂಬಬೇಡಿ. ಯಂತ್ರ ನಿಂತಾಗ ಒಳಗೆ ಒಂದಿಷ್ಟು ದ್ರವ ಉಳಿದಿದ್ದರೂ ಒತ್ತಡ ಹೊರಗಿನ ಉಷ್ಣತೆಗೆ ತಕ್ಕಂತೆ ಇರುತ್ತದೆ. ಎಸಿ ಗ್ಯಾಸ್‌ಗಳಲ್ಲಿ ಹಲವು ಬಗೆ: 30 ಡಿಗ್ರಿಯಲ್ಲಿ ಆರ್-22 ಎಂಬುದಕ್ಕೆ ಸುಮಾರು 158 ಪಿಎಸ್‌ಐ (ಒತ್ತಡದ ಅಳತೆ), ಆರ್-410ಎಗೆ ಸುಮಾರು 259, ಆರ್-32ಗೆ ಸುಮಾರು 265. ಪೂರ್ತಿ ಗ್ಯಾಸ್ ಇದ್ದರೂ ಅಷ್ಟೇ, ಅರ್ಧ ಇದ್ದರೂ ಅಷ್ಟೇ. ಓಡುವಾಗ ನೋಡಿದರೂ ಹೊರಗಿನ ಬಿಸಿ, ಇನ್ವರ್ಟರ್‌ನ ವೇಗ ಎರಡಕ್ಕೂ ತಕ್ಕಂತೆ ಸೂಜಿ ಆಡುತ್ತದೆ. ಒಳಗೆ ಎಷ್ಟು ಹೋಯಿತು ಎಂಬುದನ್ನು ನಿಖರವಾಗಿ ಹೇಳುವುದು ತೂಕ ಮಾತ್ರ.

ಮೊದಲು ಉಳಿದ ಗ್ಯಾಸನ್ನು ರಿಕವರಿ ಯಂತ್ರದಿಂದ ಬೇರೆ ಸಿಲಿಂಡರ್‌ಗೆ ಎಳೆಯಬೇಕು. ಗಾಳಿಗೆ ಬಿಡುವುದು ಸುಲಭ, ಆದರೆ ಒಂದು ಕಿಲೋ ಆರ್-410ಎ ಭೂಮಿಯನ್ನು ಬಿಸಿಮಾಡುವುದರಲ್ಲಿ ಸುಮಾರು 2,000 ಕಿಲೋ ಇಂಗಾಲದ ಡೈಆಕ್ಸೈಡ್‌ಗೆ ಸಮ. ಆಮೇಲೆ ನೈಟ್ರೋಜನ್ ತುಂಬಿ ಒತ್ತಡ ಪರೀಕ್ಷೆ. ಆರ್-32 ಎಸಿಗೆ ನಾನು ಸಾಮಾನ್ಯವಾಗಿ 300ರಿಂದ 350 ಪಿಎಸ್‌ಐ ಕೊಡುತ್ತೇನೆ, ಕಂಪನಿಯ ಮ್ಯಾನ್ಯುಯಲ್‌ನಲ್ಲಿ ಹೇಳಿದ ಮಿತಿ ದಾಟುವುದಿಲ್ಲ. ತುಂಬಿದ ನೈಟ್ರೋಜನ್ ಸಿಲಿಂಡರ್‌ನಲ್ಲಿ 2,000 ಪಿಎಸ್‌ಐಗೂ ಮೀರಿದ ಒತ್ತಡ ಇರುತ್ತದೆ, ರೆಗ್ಯುಲೇಟರ್ ಇಲ್ಲದೆ ಜೋಡಿಸಿದರೆ ಕಾಯಿಲ್ ಸಿಡಿಯುತ್ತದೆ. ನೈಟ್ರೋಜನ್ ಸಿಗಲಿಲ್ಲವೆಂದು ವೆಲ್ಡಿಂಗ್‌ನ ಆಕ್ಸಿಜನ್ ಹಾಕುವುದಂತೂ ಜೀವಕ್ಕೇ ಅಪಾಯ. ಒತ್ತಡದ ಆಕ್ಸಿಜನ್ ಕಂಪ್ರೆಸರ್‌ನ ಎಣ್ಣೆಗೆ ತಾಗಿದರೆ ಸ್ಫೋಟವಾಗುತ್ತದೆ.

ಒತ್ತಡ ಏರಿಸಿ ನಿಲ್ಲಿಸಿದ ಮೇಲೆ ಸಾಬೂನು ನೀರು. ಪಾತ್ರೆ ತೊಳೆಯುವ ದ್ರವವನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಬ್ರಷ್‌ನಿಂದ ಪ್ರತಿ ನಟ್ಟಿಗೂ ಬಳಿದು ಕಾಯಬೇಕು. ದೊಡ್ಡ ಸೋರಿಕೆಗೆ ಗುಳ್ಳೆ ತಕ್ಷಣ ಏಳುತ್ತದೆ. ಚಿಕ್ಕ ಸೋರಿಕೆಯಲ್ಲಿ ಗುಳ್ಳೆ ಕಾಣುವುದಿಲ್ಲ; ಒಂದೆರಡು ನಿಮಿಷದ ಬಳಿಕ ನಟ್ಟಿನ ಅಂಚಿನಲ್ಲಿ ಸಾಸಿವೆ ಗಾತ್ರದ ಬಿಳಿ ನೊರೆ ಮೂಡಿ ನಿಧಾನವಾಗಿ ಬೆಳೆಯುತ್ತದೆ. ಬಳಿದು ಕೂಡಲೇ ಒರೆಸಿ ಮುಂದಕ್ಕೆ ಹೋಗುವವರಿಗೆ ಅದು ಸಿಗುವುದೇ ಇಲ್ಲ. ನಟ್ಟುಗಳಲ್ಲಿ ಏನೂ ಕಾಣದಿದ್ದರೆ ಇಂಡೋರನ್ನೂ ಔಟ್‌ಡೋರನ್ನೂ ಬೇರ್ಪಡಿಸಿ, ಒಂದೊಂದಕ್ಕೇ ಒತ್ತಡ ಕೊಟ್ಟು ಗಂಟೆಗಟ್ಟಲೆ ಬಿಡುತ್ತೇನೆ. ಸೂಜಿ ಯಾವುದರಲ್ಲಿ ಇಳಿಯುತ್ತದೋ ಸೋರಿಕೆ ಅದರಲ್ಲೇ. ಬೆಳಗಿನ ತಂಪಿಗೂ ಮಧ್ಯಾಹ್ನದ ಬಿಸಿಲಿಗೂ ಒತ್ತಡ ತುಸು ಬದಲಾಗುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು.

ರಿಪೇರಿಯಾದ ಮೇಲೆ ಮತ್ತೊಮ್ಮೆ ಒತ್ತಡ ಪರೀಕ್ಷೆ, ಆಮೇಲೆ ವ್ಯಾಕ್ಯೂಮ್, ಅಂದರೆ ಒಳಗಿನ ಗಾಳಿಯನ್ನು ಪಂಪ್‌ನಿಂದ ಹೊರಗೆಳೆಯುವುದು. ಹೆಚ್ಚಿನವರು ಬಿಟ್ಟುಬಿಡುವ ಹಂತ ಇದೇ. ಕೊಳವೆ ತೆರೆದಾಗ ಗಾಳಿಯೂ ತೇವವೂ ಒಳಗೆ ಸೇರಿರುತ್ತವೆ. ಪಂಪ್ ಒತ್ತಡವನ್ನು ಇಳಿಸುತ್ತ ಹೋದಂತೆ ಒಳಗಿನ ನೀರು ಕೋಣೆಯ ಉಷ್ಣತೆಯಲ್ಲೇ ಕುದಿದು ಆವಿಯಾಗಿ ಹೊರಬರುತ್ತದೆ. ಆರ್-410ಎ, ಆರ್-32 ಯಂತ್ರಗಳಲ್ಲಿನ ಎಣ್ಣೆ ತೇವವನ್ನು ಬೇಗ ಹೀರಿ ಆಮ್ಲವಾಗುತ್ತದೆ. ಆ ಆಮ್ಲ ಕಂಪ್ರೆಸರ್‌ ಮೋಟಾರಿನ ತಂತಿಸುತ್ತನ್ನು (ವೈಂಡಿಂಗ್) ತಿನ್ನುತ್ತದೆ. ಅರ್ಧ ಗಂಟೆಗೆ ಕಡಿಮೆಯಿಲ್ಲದೆ ಪಂಪ್ ಓಡಬೇಕು, ವ್ಯಾಕ್ಯೂಮ್ ಅಳೆಯುವ ಮೈಕ್ರಾನ್ ಗೇಜ್ ಇದ್ದರೆ 500ರ ಕೆಳಗೆ ಇಳಿಯಬೇಕು. ಪಂಪ್ ಮುಚ್ಚಿ ಹತ್ತು ನಿಮಿಷ ಕಾಯಬೇಕು. ಸಂಖ್ಯೆ ಸ್ವಲ್ಪ ಏರಿ ನಿಂತರೆ ತೇವ ಉಳಿದಿದೆ; ನಿಲ್ಲದೆ ಏರಿದರೆ ಇನ್ನೂ ತೂತಿದೆ. "ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಹೊರಗೆ ತಳ್ಳಿದರೆ ಆಯಿತು" ಎನ್ನುವುದು ವ್ಯಾಕ್ಯೂಮ್‌ಗೆ ಬದಲಿಯಲ್ಲ.

ಕೊನೆಗೆ ಗ್ಯಾಸ್. ಔಟ್‌ಡೋರ್‌ನ ಬದಿಯ ಲೇಬಲ್ ಮೇಲೆ ಗ್ಯಾಸಿನ ಹೆಸರು, ಎಷ್ಟು ಕಿಲೋ ಎಂಬುದು ಅಚ್ಚಾಗಿರುತ್ತದೆ. ಸಿಲಿಂಡರನ್ನು ತೂಕದ ಯಂತ್ರದ ಮೇಲಿಟ್ಟು ಅಷ್ಟನ್ನೇ ಹಾಕಬೇಕು. ಕೊಳವೆ ಮಾಮೂಲಿಗಿಂತ ಉದ್ದವಾಗಿದ್ದರೆ ಮಾತ್ರ ಮ್ಯಾನ್ಯುಯಲ್ ಹೇಳಿದಷ್ಟು ಗ್ರಾಂ ಹೆಚ್ಚು. ಆ ಸಂಖ್ಯೆಯನ್ನು ನೀವೇ ಪಕ್ಕದಲ್ಲಿ ನಿಂತು ಓದಿ. ಹೆಚ್ಚು ತುಂಬಿದರೆ ಹೆಚ್ಚು ತಂಪು ಎಂಬ ನಂಬಿಕೆ ಕಂಪ್ರೆಸರನ್ನು ಕೊಲ್ಲುತ್ತದೆ.

ಯಾವ ಗ್ಯಾಸ್

ಲೇಬಲ್ ಮೇಲೆ ಯಾವುದಿದೆಯೋ ಅದೇ. ಬೆರಕೆ ಬೇಡ, ಬದಲಿ ಬೇಡ. ಆರ್-22 ಓಝೋನ್ ಪದರಕ್ಕೆ ಹಾನಿ ಮಾಡುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಮರೆಯಾಗುತ್ತಿದೆ. ಭಾರತ ಆ ಒಪ್ಪಂದ ಸೇರಿದ್ದು 1992ರಲ್ಲಿ. ನಂತರ ಬಂದ ಆರ್-410ಎ, ಆರ್-32ಗಳನ್ನು ತುಂಬಾ ವರ್ಷ ಓಡಿದ ಹಳೆಯ ಆರ್-22 ಯಂತ್ರಕ್ಕೆ ತುಂಬಿದರೆ ಅದು ತಡೆಯದಷ್ಟು ಒತ್ತಡ ಬರುತ್ತದೆ. ಆರ್-410ಎ ಎರಡು ಗ್ಯಾಸ್‌ಗಳ ಮಿಶ್ರಣ, ದ್ರವ ರೂಪದಲ್ಲೇ ತುಂಬಬೇಕು. ಈಗಿನ ಹೊಸ ಎಸಿಗಳಲ್ಲಿ ಹೆಚ್ಚಾಗಿ ಇರುವುದು ಆರ್-32. ಇದು ಭೂಮಿಯನ್ನು ಬಿಸಿಮಾಡುವ ಪ್ರಮಾಣ ಆರ್-410ಎಯ ಮೂರನೆಯ ಒಂದು ಭಾಗದಷ್ಟು. ಆದರೆ ತುಸು ಹೊತ್ತಿಕೊಳ್ಳುವ ಗುಣ ಉಳ್ಳದ್ದು. ಕೆಲವು ಎಸಿಗಳಲ್ಲಿರುವ ಆರ್-290 ಎಂದರೆ ಪ್ರೊಪೇನ್, ಅಡುಗೆ ಸಿಲಿಂಡರ್‌ನಲ್ಲೂ ಇರುವ ಅನಿಲ. ಅದನ್ನು ಅದಕ್ಕಾಗಿಯೇ ಮಾಡಿದ ಯಂತ್ರಕ್ಕೆ ಮಾತ್ರ, ತರಬೇತಾದವರು ಮಾತ್ರ ತುಂಬಬೇಕು.

ಆದ್ದರಿಂದ ಸೋರಿಕೆಯ ಅನುಮಾನ ಬಂದರೆ ಎಸಿ ಆಫ್ ಮಾಡಿ, ಕಿಟಕಿ ಬಾಗಿಲು ತೆರೆಯಿರಿ. ಈ ಗ್ಯಾಸ್‌ಗಳು ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತವೆ. ನೆಲದಲ್ಲಿ ಮಲಗಿದ ಮಕ್ಕಳನ್ನು, ಹಿರಿಯರನ್ನು ಹೊರಗೆ ಕರೆದುಕೊಳ್ಳಿ. ಎಣ್ಣೆದೀಪ, ಊದುಬತ್ತಿ, ಒಲೆ ಆರಿಸಿ. ಒಳಗೆ ಗ್ಯಾಸ್ ಇರುವಾಗ ಬೆಂಕಿಯ ಟಾರ್ಚ್ ಹಚ್ಚಿ ಬ್ರೇಜಿಂಗ್ (ಲೋಹ ಕರಗಿಸಿ ಬೆಸೆಯುವುದು) ಮಾಡಲು ಯಾರಿಗೂ ಬಿಡಬೇಡಿ. ಬೆಂಕಿಗೆ ಸಿಕ್ಕ ಗ್ಯಾಸ್‌ನಿಂದ ಉಸಿರುಗಟ್ಟಿಸುವ ವಿಷ ಹೊಗೆ ಹುಟ್ಟುತ್ತದೆ. ಎಸಿ ಕಳಚುವಾಗ ಕಂಪ್ರೆಸರ್ ಓಡಿಸಿ ಗ್ಯಾಸನ್ನು ಔಟ್‌ಡೋರ್‌ಗೆ ಎಳೆದುಕೊಳ್ಳುವ ಪಂಪ್‌ಡೌನ್ ಕ್ರಮವೊಂದಿದೆ. ಕೊಳವೆ ಸೋರುತ್ತಿರುವಾಗ ಅದನ್ನು ಮಾಡಬಾರದು. ಗಾಳಿ ಒಳಗೆ ಎಳೆದು ಎಣ್ಣೆಯೊಡನೆ ಬಿಸಿಯಾಗಿ ಕಂಪ್ರೆಸರ್ ಸಿಡಿದು ಪ್ರಾಣ ಹೋದ ಪ್ರಕರಣಗಳು ನಮ್ಮ ವೃತ್ತಿಯಲ್ಲಿವೆ. ಮೇಲಂತಸ್ತಿನ ಸಜ್ಜೆಯ ಮೇಲೆ ಬೆಲ್ಟ್ ಇಲ್ಲದೆ ನಿಂತವನನ್ನು ಕಂಡರೆ, ಕೆಲಸ ತಡವಾದರೂ ಸರಿ, "ಬೆಲ್ಟ್ ಹಾಕಿಕೊಂಡು ಬನ್ನಿ" ಎಂದು ಹೇಳಿ. ನೀವು ಹೇಳಿದರೆ ಕೇಳುತ್ತಾರೆ.

ಬಿಲ್ ಮತ್ತು ತೀರ್ಮಾನ

ಒಂದೂವರೆ ಟನ್ನಿನ ಎಸಿಗೆ ಪೂರ್ತಿ ಗ್ಯಾಸ್ ಚಾರ್ಜಿಂಗ್‌ಗೆ ನಮ್ಮ ಕಡೆ ಸಾಮಾನ್ಯವಾಗಿ 2,500ರಿಂದ 4,000 ರೂಪಾಯಿ ಆಗುತ್ತದೆ, ರಿಪೇರಿ ಖರ್ಚು ಬೇರೆ. ಬಿಲ್‌ನಲ್ಲಿ ಸೋರಿದ ಜಾಗ, ಪರೀಕ್ಷೆಯ ಒತ್ತಡ, ಗ್ಯಾಸಿನ ಹೆಸರು, ಹಾಕಿದ ಗ್ರಾಂ ಬರೆಸಿ. ದುಡ್ಡು ಕೊಡುವ ಮೊದಲು ವಾರಂಟಿ ಕಾರ್ಡ್ ಓದಿ. ಕಂಪ್ರೆಸರ್‌ಗೆ ಹತ್ತು ವರ್ಷ ಎಂದಿದ್ದರೂ ಗ್ಯಾಸ್ ಅದರಲ್ಲಿ ಸೇರದಿರಬಹುದು, ಕಾಯಿಲ್‌ಗೆ ಬೇರೆ ಅವಧಿ ಇರಬಹುದು. ಥರ್ಮಾಮೀಟರ್ ಪರೀಕ್ಷೆಯನ್ನು ಅವರೆದುರೇ ಮತ್ತೆ ಮಾಡಿ. ಒಂದು ತಿಂಗಳ ಬಳಿಕ ಇನ್ನೊಮ್ಮೆ ಮಾಡಿದಾಗ ಅದೇ ಸಂಖ್ಯೆ ಬಂದರೆ ಸೋರಿಕೆ ನಿಂತಿರುವ ಸಾಧ್ಯತೆ ಹೆಚ್ಚು.

ಫ್ಲೇರ್ ಸೋರಿಕೆಯನ್ನು ಎಷ್ಟು ಹಳೆಯ ಎಸಿಯಲ್ಲಾದರೂ ಸರಿಪಡಿಸಬಹುದು. ತಾಮ್ರದ ಕಾಯಿಲ್‌ನಲ್ಲಿ ಒಂದು ತೂತಿದ್ದರೆ ಬ್ರೇಜಿಂಗ್ ಮಾಡಬಹುದು. ಆದರೆ ಕೊರೆತದಿಂದ ಒಂದು ತೂತಾದ ಕಾಯಿಲ್‌ನಲ್ಲಿ ಇನ್ನೂ ಹಲವು ತಯಾರಾಗುತ್ತಿರುತ್ತವೆ. ಅಲ್ಲಿ ಕಾಯಿಲ್ ಬದಲಿಸುವುದೇ ಸರಿ. ಹತ್ತು ವರ್ಷ ದಾಟಿದ ಆರ್-22 ಎಸಿಯ ಕಾಯಿಲ್ ಹೋಗಿದ್ದರೆ ಹೊಸದು ಕೊಳ್ಳಿ ಎಂದೇ ನಾನು ಹೇಳುತ್ತೇನೆ. ಹಳೆಯದನ್ನು ಗುಜರಿಗೆ ಕೊಡುವ ಮೊದಲು ಟೆಕ್ನಿಷಿಯನ್ ಕರೆಸಿ ಉಳಿದ ಗ್ಯಾಸನ್ನು ಸಿಲಿಂಡರ್‌ಗೆ ತೆಗೆಸಿ, ಏಕೆಂದರೆ ಗುಜರಿಯವರು ಮೊದಲು ಕತ್ತರಿಸುವುದು ತಾಮ್ರದ ಕೊಳವೆಯನ್ನೇ.